ರಾಜೀನಾಮೆ ಪತ್ರ ಕೊನೆಗೆ ಬರೆಯಿರಿ: ಖಾಸಗಿ ನೌಕರಿಯಿಂದ ಸರಕಾರಿ ನೌಕರಿಗೆ ದಾಟುವವರಿಗೆ

ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾರವಾರದಲ್ಲಿ ಬೆಳಗಿನ ರೈಲು ಹಿಡಿದು ಗೋವಾದ ವೆರ್ಣಾಕ್ಕೆ ಕಾರ್ಖಾನೆ ಕೆಲಸಕ್ಕೆ ಹೋಗುವವರು, ಶಿರಸಿ-ಸಿದ್ದಾಪುರದ ಹಳ್ಳಿಗಳಲ್ಲಿ ಬೈಕ್ ಮೇಲೆ ಸಾಲದ ಕಂತು ವಸೂಲಿ ಮಾಡುವವರು, ಕುಮಟಾದ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ರಾತ್ರಿ ಪಾಳಿ ದುಡಿಯುವವರು, ಎಲ್ಲರ ಬಾಯಲ್ಲೂ ಒಂದು ಮಾತು ಬಂದೇ ಬರುತ್ತದೆ: "ಇದನ್ನ ಬಿಟ್ಟು ಓದಲಿಕ್ಕೆ ಕೂತರೆ ಯಾವುದಾದರೂ ಸರಕಾರಿ ನೌಕರಿ ಸಿಕ್ಕೀತು." ಆಸೆ ಸರಿ, ಕ್ರಮ ತಪ್ಪು. ಅರ್ಜಿ ಹಾಕಿದ ದಿನದಿಂದ ನೇಮಕಾತಿ ಆದೇಶ ಕೈಗೆ ಬರುವವರೆಗೆ ವರ್ಷ, ಒಂದೂವರೆ ವರ್ಷ ಹಿಡಿಯುವುದು ಮಾಮೂಲು. ನಡುವೆ ಏನು ಬೇಕಾದರೂ ಆಗಬಹುದು. 2021ರ ಅಕ್ಟೋಬರಿನಲ್ಲಿ ನಡೆದ 545 ಪಿಎಸ್ಐ (ಪೊಲೀಸ್ ಸಬ್ ಇನ್ಸ್‌ಪೆಕ್ಟರ್) ಹುದ್ದೆಗಳ ಪರೀಕ್ಷೆ ಅಕ್ರಮದ ಕಾರಣಕ್ಕೆ 2022ರ ಏಪ್ರಿಲಿನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. 2024ರ ಅಕ್ಟೋಬರ್ ಕೊನೆಯಲ್ಲಿ, ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗುವ ತನಕ ಹೊಸ ಅಧಿಸೂಚನೆ ಬೇಡವೆಂದು ರಾಜ್ಯ ಸರಕಾರ ನಿಲ್ಲಿಸಿತು; ಆ ತೀರ್ಮಾನ ಬಂದದ್ದು 2025ರ ಆಗಸ್ಟಿನಲ್ಲಿ. ಆ ತಿಂಗಳುಗಳಲ್ಲಿ ಕೆಲಸ ಬಿಟ್ಟು ಕೂತಿದ್ದವರ ಮನೆಯಲ್ಲಿ ಸಂಬಳವೂ ಇಲ್ಲ, ಬರೆಯಲು ಪರೀಕ್ಷೆಯೂ ಇಲ್ಲ.

ಹಾಗಾಗಿ ಮುಂದೆ ಹೇಳುವುದೆಲ್ಲ ಕೈಯಲ್ಲಿರುವ ಕೆಲಸ ಉಳಿಸಿಕೊಂಡೇ ಮಾಡಬೇಕಾದದ್ದು.

ಮೊದಲು ವಯಸ್ಸು

ಕರ್ನಾಟಕ ಸರಕಾರದ ಹುದ್ದೆಗಳಿಗೆ ಗರಿಷ್ಠ ವಯಸ್ಸಿನ ಮೂಲ ನಿಯಮ ಹೀಗಿದೆ: ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳ ಪ್ರವರ್ಗ 2ಎ, 2ಬಿ, 3ಎ, 3ಬಿಗೆ 38, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ 1ಕ್ಕೆ 40. ಸರಕಾರ ಆಗಾಗ ಒಂದಷ್ಟು ವರ್ಷ ಸಡಿಲಿಕೆ ಕೊಡುತ್ತದೆ, ಅದು ಆಯಾ ಅಧಿಸೂಚನೆಯಲ್ಲೇ ಇರುತ್ತದೆ. ಸಡಿಲಿಕೆ ಬರುತ್ತದೆಂದು ನಂಬಿ ಕೂರಬೇಡಿ, ಬಂದರೆ ಬಳಸಿಕೊಳ್ಳಿ. ಕೇಂದ್ರದ ಕೆಲಸಗಳಲ್ಲಿ ಬಾಗಿಲು ಇನ್ನೂ ಬೇಗ ಮುಚ್ಚುತ್ತದೆ. ಬ್ಯಾಂಕ್ ಗುಮಾಸ್ತರ ಐಬಿಪಿಎಸ್ ಪರೀಕ್ಷೆಗೆ 28, ಎಸ್ಎಸ್‌ಸಿಯ (ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ) ಪಿಯುಸಿ ಮಟ್ಟದ ಪರೀಕ್ಷೆಗೆ 27. ಹಿಂದುಳಿದ ವರ್ಗಕ್ಕೆ 3, ಪರಿಶಿಷ್ಟರಿಗೆ 5 ವರ್ಷ ಹೆಚ್ಚು.

ಒಂದು ಹಾಳೆಯಲ್ಲಿ ನಿಮ್ಮ ಜನ್ಮದಿನಾಂಕ ಬರೆದು, ಯಾವ ಪರೀಕ್ಷೆಗೆ ಯಾವ ವರ್ಷದವರೆಗೆ ಅವಕಾಶ ಉಂಟೆಂದು ಎದುರಿಗೆ ಬರೆಯಿರಿ. 29 ದಾಟಿದ ಸಾಮಾನ್ಯ ವರ್ಗದವರು ಬ್ಯಾಂಕ್ ಗುಮಾಸ್ತೆ ಪುಸ್ತಕಕ್ಕೆ ದುಡ್ಡು ಹಾಕುವುದು ದಂಡ. ಜನ್ಮದಿನಾಂಕಕ್ಕೆ ಆಧಾರ ಎಸ್ಎಸ್ಎಲ್‌ಸಿ ಅಂಕಪಟ್ಟಿಯೇ ಹೊರತು ಆಧಾರ್ ಕಾರ್ಡ್ ಅಲ್ಲ.

ಯಾವ ಹುದ್ದೆ? ಒತ್ತಡ ಎಲ್ಲಿ ಕಡಿಮೆ?

"ಸರಕಾರಿ ಕೆಲಸ ಅಂದರೆ ಆರಾಮ" ಎಂಬುದು ಕಚೇರಿ ಹೊರಗಿನ ಬೆಂಚಿನಲ್ಲಿ ಕೂತು ನೋಡಿದವರ ಮಾತು. ಭದ್ರತೆ ಬೇರೆ, ನೆಮ್ಮದಿ ಬೇರೆ. ಗ್ರಾಮ ಆಡಳಿತ ಅಧಿಕಾರಿಯ ಕೆಲಸಕ್ಕೆ ಪಿಯುಸಿ ಸಾಕು. ಆದರೆ ಮಳೆಗಾಲದಲ್ಲಿ ಗುಡ್ಡ ಜರಿದರೆ, ಗಂಗಾವಳಿ ನದಿ ಉಕ್ಕಿದರೆ ರಾತ್ರಿ ಎರಡು ಗಂಟೆಗೂ ಫೋನ್ ಬರುವುದು ಅವರಿಗೇ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದಾಗ ಹೊರಗಿನ ಜನ ಟಿವಿಯಲ್ಲಿ ನೋಡಿದರು; ಕಂದಾಯ, ಪೊಲೀಸ್ ಸಿಬ್ಬಂದಿ ದಿನಗಟ್ಟಲೆ ಮಳೆಯಲ್ಲಿ ನಿಂತಿದ್ದರು. ಇದರ ಮೇಲೆ ಬೆಳೆ ಸಮೀಕ್ಷೆ, ಚುನಾವಣೆ, ಸಕಾಲ ಯೋಜನೆಯಲ್ಲಿ ಅರ್ಜಿ ವಿಲೇವಾರಿಯ ಗಡುವು. ಪಂಚಾಯತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಇವೆಲ್ಲದರ ಜತೆ ಸದಸ್ಯರ ಜಗಳವೂ ಉಂಟು. ಟಾರ್ಗೆಟ್ ತಾಳಲಾರದೆ ಓಡಿ ಬರುವವರು ಈ ಎರಡು ಹುದ್ದೆಗೆ ಸೇರುವ ಮುಂಚೆ ಆ ಕೆಲಸದಲ್ಲಿರುವವರ ಹತ್ತಿರ ಅರ್ಧ ಗಂಟೆ ಕೂತು ಕೇಳಿಕೊಳ್ಳಿ.

ಜನರ ಓಡಾಟ ತಕ್ಕಮಟ್ಟಿಗೆ ಕಡಿಮೆ ಇದ್ದು, ಕಡತದೊಂದಿಗೇ ಕೆಲಸ ಇರುವುದು ದ್ವಿತೀಯ ದರ್ಜೆ ಸಹಾಯಕ ಮತ್ತು ಪ್ರಥಮ ದರ್ಜೆ ಸಹಾಯಕ ಹುದ್ದೆಗಳಲ್ಲಿ (ಎಸ್‌ಡಿಎ, ಎಫ್‌ಡಿಎ). ಅದರಲ್ಲೂ ಇಲಾಖೆ ಮುಖ್ಯ. ಖಜಾನೆ, ಅಂಕಿಸಂಖ್ಯೆ, ಗ್ರಂಥಾಲಯ, ಕಾಲೇಜು ಶಿಕ್ಷಣದಂಥ ಕಡೆ ಕೆಲಸಕ್ಕೆ ಒಂದು ಲಯ ಇರುತ್ತದೆ. ಕಂದಾಯ, ಆರೋಗ್ಯ, ಸಮಾಜ ಕಲ್ಯಾಣದಲ್ಲಿ ಹಾಗಲ್ಲ. ಅರ್ಜಿಯಲ್ಲಿ ಇಲಾಖೆಯ ಆದ್ಯತೆ ಕೇಳಿದರೆ ಕಣ್ಣು ಮುಚ್ಚಿ ಒತ್ತಬೇಡಿ.

ನಮ್ಮ ಜಿಲ್ಲೆಯವರಿಗೆ ಇನ್ನೂ ಕೆಲವು ದಾರಿಗಳಿವೆ. ಕಾರವಾರದ ನೌಕಾನೆಲೆಯಲ್ಲಿ ನಾಗರಿಕ ಹುದ್ದೆಗಳಿವೆ, ಐಟಿಐ ಮಾಡಿದವರು ನೌಕಾಪಡೆಯ ನಾಗರಿಕ ಪ್ರವೇಶ ಪರೀಕ್ಷೆಯ ಮೇಲೆ ಕಣ್ಣಿಟ್ಟಿರಬೇಕು. ಕೈಗಾ ಅಣುಸ್ಥಾವರದ ನೇಮಕಾತಿಯನ್ನು ಅದನ್ನು ನಡೆಸುವ ಕೇಂದ್ರದ ಕಂಪನಿ ಎನ್‌ಪಿಸಿಐಎಲ್ ತಾನೇ ಮಾಡುತ್ತದೆ. ಕೊಂಕಣ ರೈಲ್ವೆಗೆ ಕಾರವಾರದಲ್ಲಿ ಪ್ರಾದೇಶಿಕ ಕಚೇರಿ ಇದೆ, ಹಳಿಗೆ ಭೂಮಿ ಕೊಟ್ಟ ಕುಟುಂಬದವರಿಗೆ ಕೆಲವು ನೇಮಕಾತಿಯಲ್ಲಿ ಆದ್ಯತೆಯೂ ಉಂಟು. ವಿದ್ಯುತ್ ಇಲಾಖೆಯ ಕಿರಿಯ ಪವರ್‌ಮನ್ ಹುದ್ದೆಗೆ ಎಸ್ಎಸ್ಎಲ್‌ಸಿ ಅಂಕ, ಜತೆಗೆ ದೇಹದಾರ್ಢ್ಯ ಪರೀಕ್ಷೆ: 8 ಮೀಟರ್ ವಿದ್ಯುತ್ ಕಂಬ ಹತ್ತುವುದು ಕಡ್ಡಾಯ. ಅಡಕೆ ಮರ ಹತ್ತಿ ಅಭ್ಯಾಸ ಇರುವ ಘಟ್ಟದ ಹುಡುಗರಿಗೆ ಇದು ಸುಲಭ ಎನಿಸುತ್ತದೆ. ಆದರೆ ಅಡಕೆ ಮರ ಕಾಲಿಗೆ ಹಿಡಿತ ಕೊಡುತ್ತದೆ, ನುಣುಪಾದ ಕಂಬ ಕೊಡುವುದಿಲ್ಲ. ಅದನ್ನು ಬೇರೆಯಾಗಿಯೇ ಅಭ್ಯಾಸ ಮಾಡಬೇಕು.

ಎರಡು ಗೊಂದಲ ಇಲ್ಲೇ ಬಿಡಿಸಿಬಿಡೋಣ. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ ಕೆಲಸಕ್ಕೆ ಪರೀಕ್ಷೆ ಇಲ್ಲ, 10ನೇ ತರಗತಿ ಅಂಕವೇ ಲೆಕ್ಕ, 40 ವರ್ಷದವರೆಗೆ ಅವಕಾಶ. ಭತ್ಯೆ ಶುರುವಾಗುವುದು ಶಾಖಾ ಪೋಸ್ಟ್ ಮಾಸ್ಟರ್‌ಗೆ 12,000, ಉಳಿದವರಿಗೆ 10,000 ರೂಪಾಯಿಯಿಂದ, ಅದರ ಮೇಲೆ ತುಟ್ಟಿಭತ್ಯೆ. ಇದು ಪೂರ್ಣಾವಧಿಯ ಖಾಯಂ ಸರಕಾರಿ ನೌಕರಿಯಲ್ಲ. ಊರಲ್ಲಿ ತೋಟ ಇದ್ದವರಿಗೆ ಒಳ್ಳೆಯದು, ಸಂಬಳವೊಂದನ್ನೇ ನಂಬಿದವರಿಗೆ ಸಾಲದು. ಇನ್ನು ಶಿರಸಿ ಭಾಗದಲ್ಲಿ ಸಹಕಾರಿ ಸಂಘ, ಸಹಕಾರಿ ಬ್ಯಾಂಕಿನ ನೌಕರಿಯನ್ನೂ ಮಾತಿನಲ್ಲಿ 'ಸರಕಾರಿ' ಎನ್ನುವ ರೂಢಿ ಇದೆ. ಮರ್ಯಾದೆಯ ಕೆಲಸವೇ, ಆದರೆ ಸೇವಾ ನಿಯಮ, ನಿವೃತ್ತಿ ಸೌಲಭ್ಯ ಎರಡೂ ಬೇರೆ.

ಸಂಬಳದ ಲೆಕ್ಕ

7ನೇ ವೇತನ ಆಯೋಗದಂತೆ 2024ರ ಆಗಸ್ಟ್ 1ರಿಂದ ಎಸ್‌ಡಿಎ ವೇತನ ಶ್ರೇಣಿ 34,100ರಿಂದ 67,600, ಎಫ್‌ಡಿಎಗೆ 44,425ರಿಂದ 83,700. ಕಾರವಾರ, ಶಿರಸಿಯಂಥ ಊರಿನಲ್ಲಿ ಮನೆ ಬಾಡಿಗೆ ಭತ್ಯೆ ಮೂಲವೇತನದ ಶೇ. 7.5, ಅಂದರೆ ಎಸ್‌ಡಿಎಗೆ ಸುಮಾರು 2,557 ರೂಪಾಯಿ. ತುಟ್ಟಿಭತ್ಯೆ ವರ್ಷಕ್ಕೆ ಎರಡು ಸಲ ಪರಿಷ್ಕರಣೆಯಾಗುತ್ತದೆ. ಕಡಿತದಲ್ಲಿ ದೊಡ್ಡದು ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ): ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ. 10. ಅದರ ಮೇಲೆ ಸರಕಾರದ ಪಾಲು ಶೇ. 14. ಜತೆಗೆ ಕೆಜಿಐಡಿ (ರಾಜ್ಯ ಸರಕಾರಿ ವಿಮಾ ಇಲಾಖೆ) ವಿಮೆ ಕಡ್ಡಾಯ, ವೃತ್ತಿ ತೆರಿಗೆ ಉಂಟು.

"ಪೆನ್ಶನ್ ಸಿಗುತ್ತದೆ" ಎಂದು ಮನೆಯ ಹಿರಿಯರು ಹೇಳುವುದು ಹಳೆಯ ಪದ್ಧತಿಯ ಪೆನ್ಶನ್. 2006ರ ಏಪ್ರಿಲ್ 1ರಿಂದೀಚೆ ರಾಜ್ಯ ಸೇವೆಗೆ ಸೇರಿದವರು ಎನ್‌ಪಿಎಸ್‌ಗೆ ಒಳಪಟ್ಟವರು. ಎಷ್ಟು ಬರುತ್ತದೆಂಬುದು ಕೂಡಿದ ಮೊತ್ತದ ಮೇಲೆ ನಿಂತಿದೆ. ಕೇಂದ್ರದ ನೌಕರರಿಗೆ 2025ರ ಏಪ್ರಿಲ್‌ನಿಂದ ಏಕೀಕೃತ ಪಿಂಚಣಿಯ ಆಯ್ಕೆ ಇದೆ, 25 ವರ್ಷ ಸೇವೆಗೆ ಕೊನೆಯ 12 ತಿಂಗಳ ಸರಾಸರಿ ಮೂಲವೇತನದ ಅರ್ಧ. ಸಾರಿಗೆ ನಿಗಮದವರಿಗೆ ಇರುವುದು ಪಿಎಫ್. ಈಗ 60 ಸಾವಿರ ಎಣಿಸುವವರು 40 ಸಾವಿರದ ಸುತ್ತಮುತ್ತ ಬದುಕಬಲ್ಲೆವೇ ಎಂದು ಮೂರು ತಿಂಗಳು ಪ್ರಯೋಗ ಮಾಡಿ ನೋಡಿ. ಮಿಕ್ಕಿದ 20 ಸಾವಿರ ಬೇರೆ ಖಾತೆಗೆ ಹೋಗಲಿ, ಮುಂದೆ ಬೇಕಾಗುವ ಗಂಟು ಅದೇ.

ಕಾಗದಪತ್ರ: ಹೆಚ್ಚಿನವರು ಜಾರುವುದು ಇಲ್ಲಿ

ಪರೀಕ್ಷೆ ಪಾಸಾಗಿ ದಾಖಲೆ ಪರಿಶೀಲನೆಯಲ್ಲಿ ಹೊರಬೀಳುವುದು ಅಂಕ ಕಡಿಮೆಯಾಗಿ ಹೋಗುವುದಕ್ಕಿಂತ ಹೆಚ್ಚು ಸುಡುತ್ತದೆ. ಹಾಗಾಗಿ ಪುಸ್ತಕ ಕೊಳ್ಳುವ ಮುಂಚೆ ಕಡತ ಕಟ್ಟಿ.

ಎಸ್ಎಸ್ಎಲ್‌ಸಿ ಅಂಕಪಟ್ಟಿ, ಪದವಿ ಪ್ರಮಾಣಪತ್ರ, ಆಧಾರ್, ಜಾತಿ ಪ್ರಮಾಣಪತ್ರ ನಾಲ್ಕನ್ನೂ ಮೇಜಿನ ಮೇಲೆ ಹರಡಿ ಹೆಸರನ್ನು ಅಕ್ಷರ ಅಕ್ಷರ ಓದಿ. ನಮ್ಮ ಜಿಲ್ಲೆಯಲ್ಲಿ ಹೆಸರಿಗಿಂತ ಅಡ್ಡಹೆಸರೇ ತಂಟೆ. ಒಂದು ಕಡೆ ನಾಯ್ಕ, ಇನ್ನೊಂದರಲ್ಲಿ ನಾಯಕ. ಶಾಲೆಯಲ್ಲಿ ಹೆಗಡೆ, ಆಧಾರ್‌ನಲ್ಲಿ ಹೆಗ್ಡೆ. ಅಂಕಪಟ್ಟಿಯಲ್ಲಿ ತಂದೆಯ ಹೆಸರು ನಡುವೆ, ಪದವಿಯಲ್ಲಿ ಬರೀ ಇನಿಶಿಯಲ್. ಮದುವೆಯಾದ ಹೆಣ್ಣುಮಕ್ಕಳ ಆಧಾರ್‌ನಲ್ಲಿ ಗಂಡನ ಅಡ್ಡಹೆಸರು ಸೇರಿರುತ್ತದೆ. ಎಸ್ಎಸ್ಎಲ್‌ಸಿಯಲ್ಲಿ ಇರುವಂತೆಯೇ ಆಧಾರ್ ತಿದ್ದಿಸಿಕೊಳ್ಳುವುದು ಸುಲಭದ ದಾರಿ. ಅಂಕಪಟ್ಟಿ ತಿದ್ದಿಸುವುದು ಉದ್ದದ ದಾರಿ. ಅರ್ಜಿಯಲ್ಲಿ ಯಾವಾಗಲೂ ಎಸ್ಎಸ್ಎಲ್‌ಸಿ ಹೆಸರೇ ಇರಲಿ.

ಜಾತಿ-ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಕೊಡುತ್ತಾರೆ. ಅದರ ಮೇಲಿರುವ, 'ಆರ್‌ಡಿ' ಎಂದು ಶುರುವಾಗುವ ಸಂಖ್ಯೆಯನ್ನು ಅರ್ಜಿಯಲ್ಲಿ ತುಂಬಬೇಕು. ಒಂದು ಅಂಕೆ ತಪ್ಪಿದರೂ ವಿವರ ಹೊಂದುವುದಿಲ್ಲ. 2ಎ, 2ಬಿ, 3ಎ, 3ಬಿ ಪ್ರಮಾಣಪತ್ರಕ್ಕೆ 5 ವರ್ಷ ಆಯುಸ್ಸು. ಅದು ಅರ್ಜಿಯ ಕೊನೆಯ ದಿನದೊಳಗೆ ಪಡೆದದ್ದಾಗಿರಬೇಕು, ಅಂದು ಚಾಲ್ತಿಯಲ್ಲಿಯೂ ಇರಬೇಕು. ಕೊನೇ ವಾರದಲ್ಲಿ ಸರ್ವರ್ ಕೈಕೊಡುವುದು ನಾಡಕಚೇರಿಯ ಮಾಮೂಲು ಕಥೆ, ಆದ್ದರಿಂದ ಇವತ್ತೇ ಮಾಡಿಸಿ. ಇದೇ ಪತ್ರ ಕೇಂದ್ರದ ಪರೀಕ್ಷೆಗೆ ನಡೆಯುವುದಿಲ್ಲ. ಅಲ್ಲಿಗೆ ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರ ಬೇರೆ. ರಾಜ್ಯದ ಯಾವ ಪ್ರವರ್ಗದಲ್ಲೂ ಇಲ್ಲದವರು ಕೇಂದ್ರದ ಹುದ್ದೆಗಳಲ್ಲಿ ಆರ್ಥಿಕವಾಗಿ ಹಿಂದುಳಿದವರ ಶೇ. 10 ಮೀಸಲಾತಿಯನ್ನು ನೋಡಬಹುದು. ಅದಕ್ಕೆ ಕುಟುಂಬದ ಆದಾಯ 8 ಲಕ್ಷದ ಒಳಗಿರಬೇಕು, ಕೃಷಿ ಜಮೀನು 5 ಎಕರೆಗಿಂತ ಕಡಿಮೆ ಇರಬೇಕು. ಎರಡು ಎಕರೆ ತೋಟದ ಎಷ್ಟೋ ಮನೆಯವರು ಇದನ್ನು ಕೇಳಿಯೇ ಇರುವುದಿಲ್ಲ.

ಗ್ರಾಮೀಣ ಮೀಸಲಾತಿ ಶೇ. 25. ಇದಕ್ಕೆ 1ರಿಂದ 10ನೇ ತರಗತಿವರೆಗೂ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಲೆಕ್ಕ ಶಾಲೆ ಇದ್ದ ಜಾಗದ್ದು, ನಿಮ್ಮ ಮನೆಯದ್ದಲ್ಲ. ಶಿರಸಿ ಸುತ್ತಿನ ಹಳ್ಳಿಯಲ್ಲೇ ಹುಟ್ಟಿ ಬೆಳೆದು, ಹೈಸ್ಕೂಲಿಗೆ ಮಾತ್ರ ಪೇಟೆಗೆ ಬಸ್ಸಿನಲ್ಲಿ ಹೋದವರು 'ಗ್ರಾಮೀಣ' ಎಂದು ಗುರುತು ಹಾಕಿ ಕೊನೆಗೆ ಕಳಕೊಳ್ಳುತ್ತಾರೆ. ಕನ್ನಡ ಮಾಧ್ಯಮಕ್ಕೆ ಶೇ. 5, ಅದೂ 1ರಿಂದ 10ರವರೆಗೆ ಪೂರ್ತಿ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ. ಈ ಎರಡಕ್ಕೂ ಅಧಿಸೂಚನೆಯ ಅನುಬಂಧದಲ್ಲಿರುವ ನಮೂನೆಯನ್ನೇ ಮುದ್ರಿಸಿಕೊಂಡು ಮುಖ್ಯಾಧ್ಯಾಪಕರ ಸಹಿ, ಆಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಮಾಡಿಸಬೇಕು. ಪ್ರಾಥಮಿಕ ಶಾಲೆ ಒಂದು, ಹೈಸ್ಕೂಲು ಇನ್ನೊಂದಾದರೆ ಎರಡು ಪ್ರಮಾಣಪತ್ರ. ಪ್ರಾಥಮಿಕ ಶಾಲೆ ಮುಚ್ಚಿಹೋಗಿದ್ದರೆ ದಾಖಲೆ ಎಲ್ಲಿಗೆ ಹೋಗಿದೆಯೆಂದು ಶಿಕ್ಷಣಾಧಿಕಾರಿ ಕಚೇರಿಯಲ್ಲೇ ಕೇಳಬೇಕು, ಅದಕ್ಕೆ ವಾರಗಟ್ಟಲೆ ಅಲೆದಾಟ. ಏಪ್ರಿಲ್-ಮೇಯಲ್ಲಿ ಮುಖ್ಯಾಧ್ಯಾಪಕರು ಸಿಗುವುದಿಲ್ಲ ಎಂಬುದೂ ನೆನಪಿರಲಿ.

ಅಣೆಕಟ್ಟು, ಅಣುಸ್ಥಾವರ, ಸೀಬರ್ಡ್ ನೌಕಾನೆಲೆಯಂಥ ಯೋಜನೆಗಳಿಗೆ ಮನೆ-ಜಮೀನು ಕಳಕೊಂಡ ಕುಟುಂಬಗಳು ಈ ಜಿಲ್ಲೆಯಲ್ಲಿ ಬಹಳ. ಗ್ರೂಪ್ ಸಿ ಮತ್ತು ಡಿ ಹುದ್ದೆಗಳಲ್ಲಿ ಯೋಜನಾ ನಿರಾಶ್ರಿತರಿಗೆ ಶೇ. 5 ಮೀಸಲು ಇದೆ. ಭೂಸ್ವಾಧೀನದ ಹಳೆಯ ಕಾಗದ ಹಿಡಿದು, ನಿಮ್ಮ ಕುಟುಂಬಕ್ಕೆ ಆ ಪ್ರಮಾಣಪತ್ರ ಸಿಗುತ್ತದೆಯೇ ಎಂದು ಉಪವಿಭಾಗಾಧಿಕಾರಿ ಕಚೇರಿಯಲ್ಲಿ (ಕಾರವಾರ, ಕುಮಟಾ, ಭಟ್ಕಳ, ಶಿರಸಿ) ವಿಚಾರಿಸಿ.

ಅರ್ಜಿ ತುಂಬುವಾಗ ಇನ್ನೊಂದು: ಕೆಪಿಎಸ್‌ಸಿ (ಕರ್ನಾಟಕ ಲೋಕಸೇವಾ ಆಯೋಗ) ಅಧಿಸೂಚನೆ 'ಉಳಿಕೆ ಮೂಲ ವೃಂದ' (ರಾಜ್ಯದ ಉಳಿದ ಭಾಗ) ಮತ್ತು ಕಲ್ಯಾಣ ಕರ್ನಾಟಕದ ವೃಂದ ಎಂದು ಎರಡಾಗಿ ಬರುತ್ತದೆ. ನಾವು ನೋಡಬೇಕಾದದ್ದು ಮೊದಲನೆಯದು. ಜಿಲ್ಲಾವಾರು ಹುದ್ದೆಯಾದ ಗ್ರಾಮ ಆಡಳಿತ ಅಧಿಕಾರಿಗೆ ಒಂದೇ ಜಿಲ್ಲೆಗೆ ಅರ್ಜಿ. ಊರಿನ ಮೋಹಕ್ಕೆ ಉತ್ತರ ಕನ್ನಡವನ್ನೇ ಆರಿಸುವ ಮುಂಚೆ ನಿಮ್ಮ ಪ್ರವರ್ಗಕ್ಕೆ ಇಲ್ಲಿ ಎಷ್ಟು ಸ್ಥಾನವಿದೆ ಎಂಬ ಕೋಷ್ಟಕ ನೋಡಿ. ಸೊನ್ನೆ ಇರುವುದೂ ಉಂಟು.

ಕೆಲಸ ಮಾಡುತ್ತ ಓದುವುದು

ದಿನಕ್ಕೆ ಎರಡು ಗಂಟೆ, ಭಾನುವಾರ ಐದು ಗಂಟೆ. ವಾರಕ್ಕೆ 17 ಗಂಟೆಯಾಯಿತು, ಎಂಟು ತಿಂಗಳಲ್ಲಿ ಸುಮಾರು 590 ಗಂಟೆ. ಗುಮಾಸ್ತ ಮಟ್ಟದ ಪರೀಕ್ಷೆಗೆ ಇಷ್ಟು ಸಾಕು, ಚದುರಿಸದಿದ್ದರೆ. ಚದುರುವುದು ಹೀಗೆ: ಸೋಮವಾರ ಪಿಡಿಒ, ಬುಧವಾರ ಬ್ಯಾಂಕು, ಶುಕ್ರವಾರ ರೈಲ್ವೆ. ರಾಜ್ಯದ ಪರೀಕ್ಷೆಗಳಲ್ಲಿ ಸಂವಿಧಾನ, ಕರ್ನಾಟಕ ಇತಿಹಾಸ, ಭೂಗೋಳ, ಕನ್ನಡ ಎಲ್ಲ ಕಡೆಯೂ ಬರುತ್ತವೆ; ಬ್ಯಾಂಕಿನಲ್ಲಿ ಗಣಿತದ ವೇಗ ಬೇಕು. ಎರಡರಲ್ಲಿ ಒಂದನ್ನು ಹಿಡಿಯಿರಿ.

ಪುಸ್ತಕಕ್ಕೆ ಹೆಚ್ಚು ಖರ್ಚು ಬೇಡ. 6ರಿಂದ 10ನೇ ತರಗತಿಯ ರಾಜ್ಯದ ಸಮಾಜ ವಿಜ್ಞಾನ, ವಿಜ್ಞಾನ ಪಠ್ಯ, ಹಿಂದಿನ ಪ್ರಶ್ನೆಪತ್ರಿಕೆ, ದಿನಾ ಒಂದು ಪತ್ರಿಕೆ. ಮನೆಯಲ್ಲಿ ಗದ್ದಲ ಇದ್ದರೆ ಪಂಚಾಯತಿಯ ಅರಿವು ಕೇಂದ್ರ (ಗ್ರಂಥಾಲಯ), ಕಾರವಾರದವರಿಗೆ ಜಿಲ್ಲಾ ಗ್ರಂಥಾಲಯ ಇದೆ. ಕಡ್ಡಾಯ ಕನ್ನಡ ಪತ್ರಿಕೆ 150 ಅಂಕದ್ದು, 50 ಬಂದರೆ ದಾಟಿದಂತೆ. ಮನೆಮಾತು ಕೊಂಕಣಿಯಾಗಿ, ಓದು ಇಂಗ್ಲಿಷ್ ಮಾಧ್ಯಮದಲ್ಲಾದ ಕಾರವಾರದ ಕಡೆಯವರು ಇದನ್ನು ಹಗುರವಾಗಿ ತಗೊಳ್ಳಬಾರದು.

ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ. ನಾಲ್ಕು ಆಯ್ಕೆಯಲ್ಲಿ ಏನೂ ಗೊತ್ತಿಲ್ಲದೆ ಗುರುತು ಹಾಕಿದರೆ ಸರಾಸರಿ ಲಾಭ ಅಂಕದ ಹದಿನಾರನೇ ಒಂದು ಪಾಲು, ಅಂದರೆ ಇದ್ದೂ ಇಲ್ಲದ ಹಾಗೆ. ಎರಡು ಆಯ್ಕೆಯನ್ನು ಖಚಿತವಾಗಿ ತೆಗೆದುಹಾಕಬಲ್ಲಿರಾದರೆ ಅದು 0.375ಕ್ಕೆ ಏರುತ್ತದೆ, ಆಗ ಧೈರ್ಯ ಮಾಡಿ. ಓಎಂಆರ್ ಹಾಳೆಯಲ್ಲಿ ಐದನೇ ವೃತ್ತ ಇದ್ದರೆ ಸೂಚನೆಯನ್ನು ಎರಡು ಸಲ ಓದಿ, ಉತ್ತರಿಸದ ಪ್ರಶ್ನೆಗೆ ಅದನ್ನು ತುಂಬಬೇಕಾಗಬಹುದು.

ಪರೀಕ್ಷಾ ಕೇಂದ್ರ ಕಾರವಾರವಾಗಿದ್ದು ನೀವು ಶಿರಸಿ, ಮುಂಡಗೋಡ ಕಡೆಯವರಾದರೆ ಮಳೆಗಾಲದಲ್ಲಿ ಹಿಂದಿನ ದಿನವೇ ಘಟ್ಟ ಇಳಿಯಿರಿ. ದೇವಿಮನೆಯಲ್ಲೋ ಅರಬೈಲಿನಲ್ಲೋ ಒಂದು ಮರ ಅಡ್ಡ ಬಿದ್ದರೆ ಒಂದು ವರ್ಷ ಹೋಯಿತು.

ಇಂತಿಷ್ಟು ಲಕ್ಷ ಕೊಟ್ಟರೆ ಮಾಡಿಸಿಕೊಡುತ್ತೇನೆ ಎನ್ನುವವರು ಪ್ರತಿ ತಾಲೂಕಿನಲ್ಲೂ ಒಬ್ಬಿಬ್ಬರು ಸಿಗುತ್ತಾರೆ. ಅಡಕೆ ಮಾರಿದ ದುಡ್ಡು ಕೊಟ್ಟವರು ದೂರು ಕೊಡಲೂ ಆಗದೆ ಕೂರುತ್ತಾರೆ, ಏಕೆಂದರೆ ಕೊಟ್ಟದ್ದೂ ಅಪರಾಧವೇ.

ರಾಜೀನಾಮೆ

ಅಂತಿಮ ಆಯ್ಕೆ ಪಟ್ಟಿಯಲ್ಲಿ ಹೆಸರು ಬಂತು. ಈಗಲೂ ಬರೆಯಬೇಡಿ. ಪೊಲೀಸ್ ಪರಿಶೀಲನೆ, ವೈದ್ಯಕೀಯ ತಪಾಸಣೆ, ಬೇಕಾದವರಿಗೆ ಜಾತಿ ಸಿಂಧುತ್ವ (ಜಾತಿ ಪ್ರಮಾಣಪತ್ರ ಸರಿ ಎಂಬ ದೃಢೀಕರಣ) ಬಾಕಿ ಇವೆ. ಪರಿಶೀಲನಾ ನಮೂನೆಯಲ್ಲಿ ಯಾವ ಕೇಸನ್ನೂ ಮುಚ್ಚಿಡಬಾರದು. ಇಲ್ಲಿ ಅರಣ್ಯ ಅತಿಕ್ರಮಣದ ಕೇಸು ಅಪ್ಪನ ಹೆಸರಿನ ಜತೆ ಮಗನ ಹೆಸರಿಗೂ ಅಂಟಿರುವುದುಂಟು. ಅದು ಇದ್ದದ್ದಕ್ಕಿಂತ ಮುಚ್ಚಿಟ್ಟದ್ದೇ ದೊಡ್ಡ ತಪ್ಪಾಗಿ ಮುಂದೆ ಕೆಲಸಕ್ಕೇ ಕುತ್ತು ತರುತ್ತದೆ.

ಅಸಲು ಇಕ್ಕಟ್ಟು ದಿನಗಳ ಲೆಕ್ಕದ್ದು. ಕಂಪನಿಯ ನೋಟಿಸ್ ಅವಧಿ 60 ಅಥವಾ 90 ದಿನ. ನೇಮಕಾತಿ ಆದೇಶ ಕೊಡುವ ಸಮಯ ಹೆಚ್ಚಾಗಿ 15 ದಿನವೋ 30 ದಿನವೋ. ಇದನ್ನು ಬಿಡಿಸುವ ದಾರಿ ಮೂರು. ನಿಮ್ಮ ಈಗಿನ ನೇಮಕಾತಿ ಪತ್ರದಲ್ಲಿ ನೋಟಿಸ್‌ಗೆ ಬದಲಾಗಿ ಸಂಬಳ ಕಟ್ಟುವ ಅವಕಾಶ ಇದೆಯೇ ನೋಡಿ, ಇದ್ದರೆ ಎರಡು ತಿಂಗಳ ಮೂಲವೇತನ ಮೊದಲೇ ತೆಗೆದಿಡಿ. ಉಳಿದ ಗಳಿಕೆ ರಜೆಯನ್ನು ನೋಟಿಸ್‌ಗೆ ಹೊಂದಿಸಲು ಕೇಳಿ. ಇವೆರಡೂ ಆಗದಿದ್ದರೆ ನೇಮಕಾತಿ ಪ್ರಾಧಿಕಾರಕ್ಕೆ ಹಾಜರಾಗಲು ಕಾಲಾವಕಾಶ ಕೋರಿ ಬರೆಯಿರಿ, ಗಡುವು ಮುಗಿಯುವ ಮುಂಚೆ, ಸ್ವೀಕೃತಿ ಪಡೆದು. ಹೇಳದೆ ಕೇಳದೆ ಬಿಟ್ಟುಬರುವ ಆಟ ಬೇಡ. ಬಿಡುಗಡೆ ಪತ್ರವಿಲ್ಲದೆ ಹೊಸ ಕಚೇರಿಯಲ್ಲಿ ವಿವರಣೆ ಕೊಡುತ್ತ ನಿಲ್ಲಬೇಕಾಗುತ್ತದೆ.

ಬಿಡುವ ದಿನಾಂಕ ನಿಮ್ಮ ಕೈಯಲ್ಲಿದ್ದರೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ಲೆಕ್ಕದಲ್ಲಿ ಕಂಪನಿ ಕೊಡುವ ಮೊತ್ತ) ನೋಡಿಕೊಳ್ಳಿ. ಖಾಯಂ ನೌಕರರಿಗೆ 5 ವರ್ಷ ತುಂಬಬೇಕು. ಮೂಲವೇತನ 20,000 ಇದ್ದು 6 ವರ್ಷ ದುಡಿದಿದ್ದರೆ 20,000ವನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ, ಮತ್ತೆ 6ರಿಂದ ಗುಣಿಸಿ: 69,230 ರೂಪಾಯಿ. ಐದು ವರ್ಷ ತುಂಬುವ ಮುಂಚೆ ಸಿಟ್ಟಿಗೆ ಪತ್ರ ಬಿಸಾಕಿ ಬಂದವರಿಗೆ ಇದು ಕೈತಪ್ಪಬಹುದು.

ಪಿಎಫ್ ವಿಷಯದಲ್ಲಿ, ಕಂಪನಿ ನಿಮ್ಮ ಯುಎಎನ್ (ಪಿಎಫ್ ಸಂಖ್ಯೆ) ಖಾತೆಯಲ್ಲಿ ಬಿಟ್ಟ ದಿನಾಂಕ ನಮೂದಿಸಿದೆಯೇ ಎಂಬುದನ್ನು ತಿಂಗಳೊಳಗೆ ನೋಡಿ. ಒಟ್ಟು 5 ವರ್ಷ ಆಗದೆ ಹಣ ತೆಗೆದರೆ ಅದಕ್ಕೆ ತೆರಿಗೆ ಬೀಳುತ್ತದೆ. ಖಾಸಗಿ ಕೆಲಸದಲ್ಲೇ ಎನ್‌ಪಿಎಸ್ ಖಾತೆ ತೆರೆದಿದ್ದವರು ಹೊಸದು ತೆರೆಯಬಾರದು, ಒಬ್ಬರಿಗೆ ಒಂದೇ ಪ್ರಾನ್ (ಎನ್‌ಪಿಎಸ್ ಖಾತೆ) ಸಂಖ್ಯೆ. ಇದ್ದದ್ದನ್ನೇ ಸರಕಾರಿ ವಲಯಕ್ಕೆ ವರ್ಗಾಯಿಸಿಕೊಳ್ಳಬೇಕು. ಕಂಪನಿಯ ಗುಂಪು ಆರೋಗ್ಯ ವಿಮೆ ಕೊನೆಯ ದಿನಕ್ಕೇ ಮುಗಿಯುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಬಿಡುವ ಮುಂಚೆಯೇ ಸ್ವಂತ ಪಾಲಿಸಿ ಆಗಿರಲಿ. ಗೃಹಸಾಲ ಬೇಕಿದ್ದರೂ ಈಗಿನ ಕಂಪನಿಯ ಮೂರು ತಿಂಗಳ ಸಂಬಳ ಚೀಟಿ ಕೈಯಲ್ಲಿರುವಾಗಲೇ ಅರ್ಜಿ ಹಾಕಿ; ಪರಿವೀಕ್ಷಣೆಯ (ಪ್ರೊಬೇಷನ್) ಅವಧಿಯ ನೌಕರರಿಗೆ ಬ್ಯಾಂಕುಗಳು ಹಿಂದೆ ಮುಂದೆ ನೋಡುತ್ತವೆ.

ಹಾಜರಾದ ಮೇಲೆ

ಮೊದಲ ಸಂಬಳ ಮೊದಲ ತಿಂಗಳೇ ಬರುತ್ತದೆಂದು ಕಂತು ಇಟ್ಟುಕೊಳ್ಳಬೇಡಿ. ಸಂಬಳ ಬಿಲ್ಲು ಮಾಡುವ ಎಚ್ಆರ್‌ಎಂಎಸ್‌ ತಂತ್ರಾಂಶದಲ್ಲಿ ಹೆಸರು ಏರಬೇಕು, ಕೆಜಿಐಡಿ ಸಂಖ್ಯೆ ಬರಬೇಕು, ಪ್ರಾನ್ ಜೋಡಣೆಯಾಗಬೇಕು. ಎರಡು ಮೂರು ತಿಂಗಳದ್ದು ಒಟ್ಟಿಗೇ ಬರುವುದು ಹೊಸದಲ್ಲ. ಅದಕ್ಕೇ ಆರು ತಿಂಗಳ ಮನೆಖರ್ಚು ಕೈಯಲ್ಲಿರಬೇಕು. ಜೊಯಿಡಾದಂಥ ಕಡೆ ಹಾಕಿದರೆ ಬಾಡಿಗೆ ಮನೆ ಹುಡುಕಲೂ ಹೊತ್ತು ಹಿಡಿಯುತ್ತದೆ, ಬೈಕ್ ಇಲ್ಲದೆ ನಡೆಯುವುದಿಲ್ಲ.

ಪರಿವೀಕ್ಷಣಾ ಅವಧಿ ಸಾಮಾನ್ಯವಾಗಿ ಎರಡು ವರ್ಷ. ಇದರೊಳಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಮತ್ತು ಹುದ್ದೆಗೆ ನಿಗದಿಯಾದ ಇಲಾಖಾ ಪರೀಕ್ಷೆ ಮುಗಿಸಬೇಕು; ಉಳಿಸಿಕೊಂಡರೆ ಪರಿವೀಕ್ಷಣೆ ಮುಗಿದ ಘೋಷಣೆ ನಿಲ್ಲುತ್ತದೆ, ಬಡ್ತಿಯೂ. ಪರೀಕ್ಷೆಗೆ ಓದಿದ ಬಿಸಿ ಆರುವ ಮುಂಚೆ, ಮೊದಲ ವರ್ಷದ ಅಧಿಸೂಚನೆಗೇ ಅರ್ಜಿ ಹಾಕಿ. ಪಾಸಾದ ಮೇಲೆ ಅದನ್ನು ಸೇವಾ ವಹಿಯಲ್ಲಿ ದಾಖಲಿಸಿದ್ದಾರೆಯೇ ಎಂದು ಆ ಪುಟ ತೆರೆಸಿ, ಸಹಿ ಬಿದ್ದಿದೆಯೋ ಇಲ್ಲವೋ ಕಣ್ಣಾರೆ ನೋಡಿಕೊಳ್ಳಿ.